ನಿಮ್ಮ ಬೂಷ್ಟಿನ ಲೇಖನ ವಾಪಸ್ ಕಳಿಸುತ್ತಿದ್ದೇನೆ

ನಮಸ್ಕಾರ.

ಬೂಷ್ಟು ಹಿಡಿದ ಕಾಳಿನ ವಿಷ ಕರುಳನ್ನು ಹೇಗೆ ಕೆಡಿಸುತ್ತದೆ ಎಂಬ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ.

ಮೊದಲ ಎರಡು ಪುಟ ಬರೀ ಪಠ್ಯಪುಸ್ತಕ, ತೆಗೆಯಿರಿ. 1995ರ ಪ್ರಸಂಗವನ್ನು ಕೊನೆಯಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದೀರಲ್ಲ, ಶುರುವಾಗಬೇಕಾದದ್ದೇ ಅಲ್ಲಿಂದ. ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ ಮಳೆಗೆ ನೆನೆದ ಜೋಳ, ಮೆಕ್ಕೆಜೋಳ ತಿಂದವರಿಗೆ ಹೊಟ್ಟೆನೋವು, ಹೊಟ್ಟೆಯಲ್ಲಿ ಗುಡುಗುಡು, ಭೇದಿ. ಕಾಳಿನಲ್ಲಿ ಸಿಕ್ಕಿದ್ದು ಫ್ಯುಮೊನಿಸಿನ್ ಎಂಬ ಬೂಷ್ಟಿನ ವಿಷ. ದಿನಾ ರೊಟ್ಟಿ ತಿನ್ನುವ ಕಲಬುರಗಿ ಓದುಗರು ಇದನ್ನು ಬಿಟ್ಟು ಏಳುತ್ತಾರಾ? ಮುಂಗಾರಿ ಜೋಳಕ್ಕೆ ತೆನೆ ಮಾಗುವಾಗಲೇ ಮಳೆ ಸಿಕ್ಕಿಬಿಡುತ್ತದೆ, ಹಿಂಗಾರಿ ಜೋಳ ಒಣ ಹವೆಯಲ್ಲಿ ಮಾಗುತ್ತದೆ. ಈ ವ್ಯತ್ಯಾಸವನ್ನೂ ಬರೆಯಿರಿ.

ಆಕ್ಸಿಡೇಟಿವ್ ಸ್ಟ್ರೆಸ್ ಅಂತ ಹೇಳಿ ಹಾಗೇ ಮುಂದೆ ಹೋಗಿದ್ದೀರಿ. ಅಲ್ಲಿ ನಿಲ್ಲಬೇಕು. ಜೀವಕೋಶ ಆಮ್ಲಜನಕ ಬಳಸುವಾಗ ಸಿಕ್ಕಿದ್ದಕ್ಕೆಲ್ಲ ಅಂಟಿ ಕೆಡಿಸುವ ಅಣುಗಳು ಸ್ವಲ್ಪ ಹುಟ್ಟುತ್ತಲೇ ಇರುತ್ತವೆ. ಕೋಶವೇ ತಯಾರಿಸಿಕೊಳ್ಳುವ ಗ್ಲುಟಥಯೋನ್‌ನಂಥ ಕಾವಲು ಅಣುಗಳು ಅವನ್ನು ಹದ್ದುಬಸ್ತಿನಲ್ಲಿ ಇಡುತ್ತವೆ. ಬೂಷ್ಟಿನ ವಿಷ ಬಂದರೆ ಆ ಕೆಡಿಸುವ ಅಣುಗಳು ಜಾಸ್ತಿಯಾಗುತ್ತವೆ, ಗ್ಲುಟಥಯೋನ್ ಸಾಲದಾಗುತ್ತದೆ. ಆಕ್ಸಿಡೇಟಿವ್ ಸ್ಟ್ರೆಸ್ ಅಂದರೆ ಇದೇ. ಕೋಶದ ಪೊರೆಯ ಕೊಬ್ಬು ಕೆಡುತ್ತದೆ. ಕರುಳಿನ ಕೋಶಗಳನ್ನು ಒಂದಕ್ಕೊಂದು ಬಿಗಿದಿಟ್ಟ ಪ್ರೋಟೀನುಗಳು ಸಡಿಲಾಗುತ್ತವೆ. ಕರುಳಿನೊಳಗೇ ಇರಬೇಕಾದ ಬ್ಯಾಕ್ಟೀರಿಯಾದ ಕಸ ರಕ್ತಕ್ಕೆ ನುಸುಳುತ್ತದೆ. ಇದರಲ್ಲಿ ಬಹುಪಾಲು ಕೋಳಿ, ಹಂದಿ, ಇಲಿಗಳಲ್ಲಿ ಮತ್ತು ಲ್ಯಾಬಿನ ಕೋಶಗಳಲ್ಲಿ ಕಂಡದ್ದು. ಅದನ್ನೂ ಮುಚ್ಚಿಡದೆ ಹೇಳಿ. ‘ನೆಲ್ಲಿಕಾಯಿ ತಿಂದರೆ ಎಲ್ಲ ಸರಿಹೋಗುತ್ತದೆ’ ಎಂಬ ಸಾಲು ಹೊಡೆದು ಹಾಕಿದ್ದೇನೆ.

‘ಹುರಿದರೆ ವಿಷ ಸಾಯುತ್ತದೆ’ ಅನ್ನುವುದು ತಪ್ಪು. ಸಾಯುವುದು ಬೂಷ್ಟು. ಶೇಂಗಾಕ್ಕೆ ಹಿಡಿಯುವ ಬೂಷ್ಟಿನ ವಿಷ ಅಫ್ಲಾಟಾಕ್ಸಿನ್ ಸ್ವಲ್ಪ ಕಡಿಮೆಯಾದೀತು, ಪೂರ್ತಿ ಹೋಗುವುದಿಲ್ಲ.

ನಿಮ್ಮ ಅವ್ವ ಮೊರದಲ್ಲಿ ಶೇಂಗಾ ಹಸನು ಮಾಡುವ ಭಾಗ ಮಾತ್ರ ಮುಟ್ಟಬೇಡಿ. ಸುಕ್ಕಾದ, ಬಣ್ಣಗೆಟ್ಟ ಕಾಳು ತೆಗೆದು ಪಕ್ಕಕ್ಕೆ ಹಾಕುತ್ತಾರೆ. ವಿಷ ಜಾಸ್ತಿ ಇರುವುದು ಅಂಥ ಕಾಳಲ್ಲೇ. ಆದರೆ ತೆಗೆದ ಕಾಳು ಆಮೇಲೆ ಎಲ್ಲಿಗೆ ಹೋಯಿತು? ಎಮ್ಮೆಗೆ ಹಾಕಿದರಾ? ಹಾಗಾದರೆ ಅಫ್ಲಾಟಾಕ್ಸಿನ್ ರೂಪ ಬದಲಿಸಿ ಎಂ1 ಆಗಿ ಹಾಲಿಗೆ ಬರುತ್ತದೆ. ಅವ್ವನನ್ನೇ ಕೇಳಿ, ಅವರು ಹೇಳಿದ ಹಾಗೇ ಬರೆಯಿರಿ.

600 ಪದ ಸಾಕು. ಎಳ್ಳಮಾವಾಸ್ಯೆ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ. ಶೇಂಗಾ ಹಿಂಡಿ ಕುಟ್ಟುವ ಮುಂಚೆ ಜನ ಓದಲಿ.