ಮಳೆಗಾಲ ಕಳೆದ ಮೇಲೆ ಹಾಕಿದರೆ ಲಾನ್ ಸ್ಪ್ರಿಂಕ್ಲರ್ ಸರಿ ಓಡುತ್ತಿಲ್ಲ, ಇಡೀ ಸೆಟ್ ಬದಲಿಸಬೇಕಾ?

ಬೇಡ ಮಾರಾಯ್ರೆ, ಸ್ವಲ್ಪ ತಡೆಯಿರಿ. ನೀವು ಹೇಳಿದ್ದು ಮೂರು ತೊಂದರೆ. ನೆಲದಿಂದ ಎದ್ದು ನೀರು ಚಿಮ್ಮಿಸುವ ಆರು ಹೆಡ್‌ಗಳಲ್ಲಿ ಎರಡು ಮೇಲೇಳುವುದಿಲ್ಲ. ಗೇಟಿನ ಹತ್ತಿರದ್ದು ಬಂದ್ ಮಾಡಿದ ಮೇಲೂ ಜಿನುಗುತ್ತದೆ. ಪಡು ಬದಿಯ ಮೂಲೆಯಲ್ಲಿ ಹುಲ್ಲು ಒಣಗಿದೆ. ಈ ಮೂರೂ ಮಂಗಳೂರಿನ ನಮ್ಮ ಕೊಂಚಾಡಿಯ ಮನೆಯಲ್ಲಿ ಆಗಿತ್ತು. ನಿಮ್ಮ ಪ್ಲಂಬರ್ ಹೇಳಿದ ಹಾಗೆಯೇ ನಮ್ಮವರೂ "ಎಲ್ಲ ಕಿತ್ತು ಹೊಸತು ಹಾಕುವ" ಅಂದಿದ್ದರು. ಕೊನೆಗೆ ಕಿತ್ತದ್ದು ಏನೂ ಇಲ್ಲ.

ಮೇ ತಿಂಗಳಲ್ಲಿ ಆರೂ ಸರಿಯಾಗಿ ಏಳುತ್ತಿದ್ದವು ಅಂತ ನೀವೇ ಬರೆದಿದ್ದೀರಿ. ಹಾಗಾದರೆ ಮೊದಲ ಗುಮಾನಿ ಕಸದ ಮೇಲೆ. ನಮ್ಮ ಕಡೆ ಮೇ ಕೊನೆಯ ಪತ್ತನಾಜೆ ಹೊತ್ತಿಗೆ ಬಂದ್ ಮಾಡಿದ್ದನ್ನು ಮತ್ತೆ ತಿರುಗಿಸುವುದು ದೀಪಾವಳಿ ಕಳೆದ ಮೇಲೆ. ಐದು ತಿಂಗಳು ಅದು ಕೆಸರಲ್ಲಿ ಸುಮ್ನೆ ಕೂತಿರುತ್ತದೆ. ಏಳದ ಹೆಡ್‌ನ ಸುತ್ತ ಹುಲ್ಲು ಬಿಡಿಸಿ, ಮುಚ್ಚಳವನ್ನು ಎಡಕ್ಕೆ ತಿರುಗಿಸಿ ತೆಗೆಯಿರಿ. ಒಳಗೆ ಸ್ಪ್ರಿಂಗ್ ಉಂಟು, ಮುಖ ಹತ್ತಿರ ಇಡಬೇಡಿ. ತುದಿಯಲ್ಲಿ ನೀರು ಚಿಮ್ಮುವ ನಾಝಲ್ ಬಿಚ್ಚಿದರೆ ಅದರ ಅಡಿಯಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಜಾಲರಿ ಸಿಗುತ್ತದೆ. ನಮ್ಮದರಲ್ಲಿ ಜಾಲರಿ ಕಾಣುತ್ತಲೇ ಇರಲಿಲ್ಲ. ಮೇಲೆಲ್ಲ ಇಟ್ಟಿಗೆ ಬಣ್ಣದ ಲೋಳೆ, ಮುಟ್ಟಿದರೆ ಬಸಳೆ ಸೊಪ್ಪಿನ ಹಾಗೆ ಜಾರುತ್ತಿತ್ತು. ಬಾವಿ ನೀರಿನಲ್ಲಿರುವ ಕಬ್ಬಿಣದ ಕೆಲಸ ಅದು. ಬಕೆಟ್ಟಿನ ತಳದಲ್ಲಿ, ಬಚ್ಚಲಿನ ಟೈಲ್ಸ್ ಮೇಲೆ ಕೆಂಪು ಕಲೆ ಕೂರುತ್ತದಲ್ವಾ, ಅದೇ.

ಹಳೆ ಟೂತ್‌ಬ್ರಷ್‌ನಲ್ಲಿ ತಿಕ್ಕಿದೆ, ಲೋಳೆ ಹೋಯಿತು, ತುಕ್ಕು ಉಳಿಯಿತು. ನೋಡುತ್ತಿದ್ದ ಅತ್ತೆ ಹಿತ್ತಿಲಿನಿಂದ ಒಂದು ಹಿಡಿ ಬಿಂಬುಳಿ, ಅದೇ ಹುಳಿ ಕಾಯಿ, ತಂದು ಜಜ್ಜಿ ಕೊಟ್ಟರು. ಬಟ್ಟೆಯ ತುಕ್ಕಿನ ಕಲೆಗೆ ಅವರು ಹಾಕುವುದು ಅದನ್ನೇ. ಅದರಲ್ಲಿ ಆಕ್ಸಾಲಿಕ್ ಆಮ್ಲ ಇರುತ್ತದೆ. ರಾತ್ರಿ ಆ ರಸದಲ್ಲಿ ನೆನೆಹಾಕಿದೆ. ಬೆಳಿಗ್ಗೆ ತೊಳೆದರೆ ಜಾಲರಿಯ ಕಣ್ಣು ಒಂದೊಂದೂ ಎಣಿಸಬಹುದಿತ್ತು. ನಾಝಲ್‌ಗೆ ಮಾತ್ರ ಸೂಜಿ, ಪಿನ್ನು ಹಾಕಬೇಡಿ. ತೂತು ದೊಡ್ಡದಾದರೆ ನೀರು ಹರಡುವ ರೀತಿಯೇ ಕೆಡುತ್ತದೆ. ತಿರುಗಿ ಜೋಡಿಸುವ ಮೊದಲು ಲೈನಿನ ಕೊನೆಯ ಹೆಡ್‌ನ ನಾಝಲ್ ಬಿಚ್ಚಿಟ್ಟು ಎರಡು ನಿಮಿಷ ನೀರು ಬಿಡಿ. ಚಾ ಬಣ್ಣದ ನೀರು ಬರುತ್ತದೆ. ತಿಳಿಯಾಗುವ ತನಕ ಬಿಡಿ.

ತೊಳೆದ ಮೇಲೂ ಎಲ್ಲ ಹೆಡ್‌ಗಳೂ ಸುಸ್ತಾಗಿ ಎದ್ದರೆ ಅದು ಪ್ರೆಶರ್. ಲೈನನ್ನು ಟೆರೇಸಿನ ಟ್ಯಾಂಕಿಗೆ ಕೊಟ್ಟಿದ್ದಾರಾ ನೋಡಿ. 10 ಮೀಟರ್ ಎತ್ತರಕ್ಕೆ ಸಿಗುವುದು ಹೆಚ್ಚುಕಡಿಮೆ 1 ಬಾರ್ ಒತ್ತಡ. ಎರಡು ಮಹಡಿಯ ಮನೆಯ ಟ್ಯಾಂಕಿನಿಂದ ಅಷ್ಟೂ ಬರುವುದಿಲ್ಲ. ಇಂಥ ಹೆಡ್‌ಗೆ ಸುಮಾರು 2 ಬಾರ್ ಬೇಕು. ನಾನು ಶುರುವಿನಲ್ಲಿ ಇದೇ ತಪ್ಪು ಮಾಡಿ ಒಂದು ಬೇಸಿಗೆ ಪೂರ್ತಿ ಹೆಡ್‌ಗಳನ್ನು ಬೈದಿದ್ದೇನೆ. ಪಂಪಿನಿಂದಲೇ ನೇರ ಲೈನ್ ತೆಗೆಸಿದ ಮೇಲೆ ಸರಿಯಾಯಿತು.

ಜಿನುಗುವುದಕ್ಕೆ ಬರೋಣ. ಬಂದ್ ಮಾಡಿ ಅರ್ಧ ಗಂಟೆ ಬಿಟ್ಟು ನೋಡಿ. ನಿಂತಿದ್ದರೆ ಅದು ರೋಗವೇ ಅಲ್ಲ. ನಿಮ್ಮ ಮಣಿಪಾಲದ ಇಳಿಜಾರಿನಲ್ಲಿ ಪೈಪಲ್ಲಿ ಉಳಿದ ನೀರು ಎಲ್ಲಕ್ಕಿಂತ ತಗ್ಗಿನ ಹೆಡ್‌ನಿಂದ ಇಳಿದು ಹೋಗುತ್ತದೆ, ಅಷ್ಟೇ. ಕಿರಿಕಿರಿ ಆದರೆ ಆ ಒಂದಕ್ಕೆ, ನಿಂತ ನೀರು ಇಳಿದು ಹೋಗದಂತೆ ತಡೆಯುವ ಚೆಕ್ ವಾಲ್ವ್ ಇರುವ ಹೆಡ್ ಹಾಕಿ. ರಾತ್ರಿಯಿಡೀ ಜಿನುಗಿದರೆ, ಟೈಮರ್ ಹೇಳಿದ ಹಾಗೆ ಕರೆಂಟಿನಲ್ಲಿ ನೀರು ಬಿಟ್ಟು ನಿಲ್ಲಿಸುವ ಸೊಲೆನಾಯ್ಡ್ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ. ನೀರಿನ ಮೈನ್ ಲೈನಿನ ಗೇಟ್ ವಾಲ್ವ್ ಬಂದ್ ಮಾಡಿ, ಸೊಲೆನಾಯ್ಡ್ ವಾಲ್ವಿನ ಮೇಲಿನ ಸ್ಕ್ರೂ ಬಿಚ್ಚಿ, ಒಳಗೆ ನೀರಿನ ದಾರಿ ಮುಚ್ಚುವ ರಬ್ಬರ್ ಡಯಾಫ್ರಂ ಎತ್ತಿ ನೋಡಿ. ನಮಗೆ ಸಿಕ್ಕಿದ್ದು ಸಾಸಿವೆ ಕಾಳಿನಷ್ಟು ಮುರಕಲ್ಲಿನ ಚೂರು. ರಬ್ಬರ್ ಹರಿದಿದ್ದರೆ ಬೇರೆ ಹಾಕಿ, ಇಲ್ಲದಿದ್ದರೆ ತೊಳೆದು ಇದ್ದ ಹಾಗೇ ಕೂರಿಸಿ. ಯಾವ ಬದಿ ಮೇಲಿತ್ತು ಅಂತ ಮೊಬೈಲಲ್ಲಿ ಒಂದು ಫೋಟೊ ಹೊಡೆದಿಟ್ಟುಕೊಳ್ಳಿ.

ಪಡು ಮೂಲೆ ಮಾತ್ರ ಒಣಗಿದೆ ಅಂದರೆ ನಾನು ಟೈಮರ್ ನೋಡುತ್ತೇನೆ. ನಮ್ಮಲ್ಲಿ ಕರೆಂಟ್ ಹೋದಾಗಲೆಲ್ಲ ಅದರ ಗಡಿಯಾರ 12ಕ್ಕೆ ಹೋಗಿ ನಿಲ್ಲುತ್ತಿತ್ತು, ಒಳಗಿನ ಬ್ಯಾಟರಿ ಸತ್ತಿತ್ತು. ಬೆಳಿಗ್ಗೆ 6ಕ್ಕೆ ಬಿಡಬೇಕಾದ ನೀರನ್ನು ಅದು ಬಿಡುತ್ತಿದ್ದದ್ದು ಮಧ್ಯಾಹ್ನದ ಮೇಲೆ. ಆ ಹೊತ್ತಿಗೆ ಕಡಲ ಗಾಳಿ ಜೋರು. ನೀರೆಲ್ಲ ಮೂಡು ಬದಿಗೆ ಹಾರಿ ಪಕ್ಕದ ಮನೆಯವರ ಬಟ್ಟೆ ಒದ್ದೆ, ನಮ್ಮ ಪಡು ಮೂಲೆ ಒಣ. ಬ್ಯಾಟರಿ ಬದಲಿಸಿದೆ, ಜಗಳವೂ ನಿಂತಿತು. ನಿಮ್ಮಲ್ಲಿ ಟೈಮರ್ ಸರಿ ಇದ್ದರೆ ಒಂದೇ ಅಳತೆಯ ಐದಾರು ಸ್ಟೀಲ್ ಲೋಟಗಳನ್ನು ಲಾನ್ ಮೇಲೆ ಅಲ್ಲಲ್ಲಿ ಇಟ್ಟು 10 ನಿಮಿಷ ಓಡಿಸಿ. ಯಾವುದರಲ್ಲಿ ನೀರು ಕಡಿಮೆಯೋ ಅದರ ಹತ್ತಿರದ ಹೆಡ್ ಓರೆಯಾಗಿರಬಹುದು, ಇಲ್ಲ ಹುಲ್ಲಿನೊಳಗೆ ಹೂತಿರಬಹುದು.

ಇಷ್ಟು ಮಾಡಿಯೂ ಮತ್ತೆ ಕಸ ಕಟ್ಟಿದರೆ ಪಂಪಿನ ಹತ್ತಿರ 120 ಮೆಶ್‌ನ ಫಿಲ್ಟರ್ (ಇಂಚಿಗೆ 120 ಕಣ್ಣಿನ ಜಾಲರಿ) ಒಂದು ಕೂರಿಸಿ. ಅಡಿಕೆ ತೋಟದ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ. ವಾರಕ್ಕೊಮ್ಮೆ ತೆಗೆದು ತೊಳೆಯಬೇಕು, ನಾನು ಭಾನುವಾರ ಚಾ ಆದ ಮೇಲೆ ತೊಳೆಯುತ್ತೇನೆ. ಇನ್ನೊಂದು ಮಾತು, ಗುಡುಗು ಶುರುವಾದರೆ ಟೈಮರಿನ ಪ್ಲಗ್ ಎಳೆದಿಡಿ. ನಮ್ಮ ಮೊದಲಿನದ್ದು ಸುಟ್ಟುಹೋದದ್ದು ಹಾಗೆಯೇ.