ಬ್ರಾಹುಯಿ ಮಾತು ನಮಗೆ ತಿಳಿಯುತ್ತಾ?

ಪಾಕಿಸ್ತಾನದ ಬ್ರಾಹುಯಿಯೂ ದ್ರಾವಿಡ ಭಾಷೆ ಅಂತಾರಲ್ಲ, ಕ್ವೆಟ್ಟಾ ಕಡೆಯ ಸಹೋದ್ಯೋಗಿ ಅದನ್ನು ಆಡಿದರೆ ಕನ್ನಡಿಗರಿಗೆ ತಿಳಿಯುತ್ತಾ ಅಂತ ಕೇಳಿದ್ದೀರಿ. ಇಲ್ಲ, ತಿಳಿಯೋದಿಲ್ಲ. ಕಲಾತ್, ಖುಜ್ದಾರ್ ಸುತ್ತಿನ ಈ ಭಾಷೆಯ ಬಹುಪಾಲು ಪದಗಳು ಬಲೂಚಿ, ಪಾರ್ಸಿ, ಅರಬ್ಬಿಯಿಂದ ಬಂದವು. ಬುಡದ ಪದಗಳಷ್ಟೇ ಉಳಿದಿವೆ: ಖನ್ ಅಂದರೆ ಕಣ್ಣು, ಖಲ್ ಕಲ್ಲು, ಬಾ ಬಾಯಿ, ಪಾಲ್ ಹಾಲು (ಹಳಗನ್ನಡದಲ್ಲೂ ಪಾಲ್ ಅಲ್ಲವೇ!), ನೀ ಅಂದರೆ ನೀನೇ. ನೀರು ಮಾತ್ರ ದೀರ್. ಈ ಖ ನಮ್ಮ ಮಹಾಪ್ರಾಣವಲ್ಲ; ಉರ್ದುವಿನ 'ಖಬರ್' ಥರ ಗಂಟಲಲ್ಲಿ ಉಜ್ಜಿ ಬರುತ್ತೆ, ಅದಕ್ಕೇ ಕಿವಿಗೆ ಬಿದ್ದರೂ ಗುರುತು ಹತ್ತೋದಿಲ್ಲ. ಎಣಿಕೆ ಅಸಿಟ್, ಇರಟ್, ಮುಸಿಟ್. ನಾಲ್ಕರಿಂದ ಚಾರ್, ಪಂಚ್ ಅಂತ ಇರಾನಿ ಕಡೆ ಹೊರಳುತ್ತೆ. ಅವರ ಜೊತೆ ಕೆಲಸದ ಮಾತಿಗೆ ಉರ್ದುವೇ ಸರಿ.