ಒಳ್ಳೆಯ ಪಾತ್ರ ಓದುಗರಿಗೆ ಯಾಕೆ ನಾಟುವುದಿಲ್ಲ?

ನಿಮ್ಮ ಕಥೆಯ ತಾಯಿ ತುಂಬಾ ಒಳ್ಳೆಯವಳು, ಆದರೂ ಓದಿದವರಿಗೆ ನಿಜ ಅನ್ನಿಸುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ಅವಳ ಒಳ್ಳೆಯತನವನ್ನು ಕಡಿಮೆ ಮಾಡಬೇಕಿಲ್ಲ. ಮಕ್ಕಳಿಗೆ ಸಂಬಂಧವೇ ಇಲ್ಲದ, ಅವಳದೇ ಆದ ಒಂದು ಆಸೆ ಕೊಡಿ. ಅದು ಆ ಒಳ್ಳೆಯತನಕ್ಕೆ ಅಡ್ಡ ಬರಲಿ. ಉದಾಹರಣೆಗೆ, ಮಗಳು ದುಡ್ಡು ಕೇಳಿದಾಗ ತಾಯಿ "ನನ್ನ ಹತ್ರ ಎಲ್ಲಿದೆ" ಅನ್ನುತ್ತಾಳೆ. ತಾನು ಸಂಗೀತ ಕಲಿಯಲೆಂದು ಕೂಡಿಟ್ಟದ್ದು ಕಪಾಟಿನಲ್ಲೇ ಇದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮಗಳ ಬ್ಯಾಗಿನ ಕಿತ್ತುಹೋದ ಪಟ್ಟಿಯನ್ನು ಕೂತು ಹೊಲಿಯುತ್ತಾಳೆ. ಅಲ್ಲಿ ಪಶ್ಚಾತ್ತಾಪ ಎಂಬ ಮಾತನ್ನು ದಯವಿಟ್ಟು ಬರೆಯಬೇಡಿ, ಓದುಗರಿಗೆ ಅರ್ಥವಾಗುತ್ತದೆ. ವಯಸ್ಸು, ಎತ್ತರ, ಇಷ್ಟದ ಬಣ್ಣ ಅಂತ ಪಟ್ಟಿ ಮಾಡಿದರೆ ಹೆಚ್ಚೇನೂ ಸಿಗದು. ಸಂಭಾಷಣೆಯನ್ನು ಮಾತ್ರ ಗಟ್ಟಿಯಾಗಿ ಓದಿಕೊಳ್ಳಿ. ತಾಯಿಯ ಮಾತು ಮಗಳ ಬಾಯಿಗೂ ಹಾಗೇ ಒಪ್ಪಿಬಿಟ್ಟರೆ ಆ ಸಾಲನ್ನು ಮತ್ತೆ ಬರೆಯಿರಿ.